ಬಾಡಿಗೆಯ ಮನೆಯ ಹೊಸ್ತಿಲು

ಬೆಂಗಳೂರಿನಿಂದ ಸೋದರಿಯೊಬ್ಬರು ಬರೆದಿರುವ ಕಾಗದವೊಂದು ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲಿದೆ. ಅವರು ಮಹಡಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ಎರಡು ವರ್ಷಗಳಾದುವಂತೆ. ಮನೆಯ ಯಜಮಾನರು ಕೆಳಗಡೆಯೇ ಇದ್ದಾರೆ. ವಯಸ್ಸಾದವರು, ಸಂಭಾವಿತರು, ಬಾಡಿಗೆ ಎರಡು ದಿನ ತಡವಾದರೆ ಗದರಿಸುವವರಲ್ಲ. ಆದರೆ ಅವರ ಬಳಿ ಇನ್ನೊಂದು ಬೀಗದ ಕೈ ಇದೆ. ದಂಪತಿಗಳಿಬ್ಬರೂ ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ, ನಲ್ಲಿ ತೊಟ್ಟಿಕ್ಕುತ್ತಿದೆಯೆ, ದೀಪ ಉರಿಯುತ್ತಲೇ ಇದೆಯೆ, ಕಿಟಕಿ ಮುಚ್ಚಿದೆಯೆ ಎಂದು ನೋಡುವುದಕ್ಕಾಗಿ ಅವರು ಬಾಗಿಲು ತೆರೆದು ಒಳಗೆ ಬರುತ್ತಾರೆ. ಮೊದಮೊದಲು ಇದು ಇವರಿಗೆ ತಿಳಿದಿರಲಿಲ್ಲ. ಒಂದು ದಿನ ಜ್ವರ ಬಂದು ಮಧ್ಯಾಹ್ನವೇ ಹಿಂದಿರುಗಿದಾಗ, ಯಜಮಾನರು ಅಡುಗೆಯ ಮನೆಯಲ್ಲಿ ನಿಂತು ಪಾತ್ರೆಯೊಂದರ ಮುಚ್ಚಳವನ್ನು ಎತ್ತಿ ನೋಡುತ್ತಿದ್ದರು. ಅವರಿಗೆ ಸಂಕೋಚವೇನೂ ಆದಂತೆ ಕಾಣಲಿಲ್ಲ. “ನಮ್ಮ ಮನೆ ತಾನೆ ಅಮ್ಮಾ, ನೋಡಿಕೊಂಡು ಹೋಗೋಣವೆಂದು ಬಂದೆ” ಎಂದು ಹೇಳಿ ನಿಧಾನವಾಗಿ ಮೆಟ್ಟಲಿಳಿದು ಹೋದರು.

ಸೋದರಿಯು ಕೇಳುವುದಿಷ್ಟು: “ಬಾಡಿಗೆ ಕೊಡುತ್ತಿರುವಷ್ಟು ಕಾಲ ಇದು ಯಾರ ಮನೆ? ಈಚೆಗೆ ಬೀರುವಿನಲ್ಲಿ ಬಟ್ಟೆ ಮಡಿಸಿಡುವಾಗಲೂ ಇದನ್ನು ಯಾರೋ ನೋಡುವರೆಂಬ ಭಾವನೆ ನನಗೆ. ಮಾತೆತ್ತಿದರೆ ಮನೆ ಬಿಡಿಸುವರೆಂಬ ಭಯ ನಮ್ಮವರಿಗೆ. ನಾವು ಸಹಿಸಿಕೊಂಡೇ ಇರಬೇಕೆ?”

ಈ ಕಾಗದಕ್ಕೆ ಉತ್ತರ ಬರೆಯಲು ನಾನು ಹದಿನೈದು ದಿನ ತಡಮಾಡಿದುದಕ್ಕೆ ಕಾರಣವುಂಟು. ಅದನ್ನು ಸಂದರ್ಭ ಬಂದಾಗ ಹೇಳುತ್ತೇನೆ.

“ನಮ್ಮ ಮನೆ” ಎಂಬ ಮಾತನ್ನು ಯಜಮಾನರೂ ಆಡುತ್ತಾರೆ, ಬಾಡಿಗೆದಾರರೂ ಆಡುತ್ತಾರೆ, ಇಬ್ಬರಾಡುವುದೂ ಸುಳ್ಳಲ್ಲ. ತೊಡಕು ಹುಟ್ಟುವುದೇ ಇಲ್ಲಿ. ನಮ್ಮ ಧರ್ಮಶಾಸ್ತ್ರಕಾರರು ಸ್ವತ್ತಿನ ವಿಚಾರವನ್ನು ಹೇಳುವಾಗ ಆಗಮವನ್ನೂ ಭುಕ್ತಿಯನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡು ವಿಚಾರಿಸುತ್ತಾರೆ. ಆಗಮವೆಂದರೆ ಸ್ವತ್ತು ಒಬ್ಬನಿಗೆ ಬಂದ ಬಗೆ. ಕ್ರಯದಿಂದ ಬಂದಿತೋ, ದಾನದಿಂದಲೋ, ತಂದೆಯಿಂದಲೋ ಎಂಬುದು. ಭುಕ್ತಿಯೆಂದರೆ ಅದರ ಅನುಭೋಗ. ಮನೆಯನ್ನು ಬಾಡಿಗೆಗೆ ಕೊಟ್ಟವನು ತನ್ನ ಆಗಮವನ್ನು ಕೊಟ್ಟುಬಿಡಲಿಲ್ಲ, ಮನೆ ಅವನದೇ. ಆದರೆ ಗೊತ್ತಾದ ಕಾಲಕ್ಕೆ, ಗೊತ್ತಾದ ಹಣಕ್ಕೆ, ಅದರ ಅನುಭೋಗವನ್ನು ಇನ್ನೊಬ್ಬರ ಕೈಗೆ ದಾಟಿಸಿದ್ದಾನೆ. ಎತ್ತನ್ನು ಬಾಡಿಗೆಗೆ ಕೊಟ್ಟ ರೈತನು, ಎತ್ತು ತನ್ನದೆಂದು, ಉಳುಮೆಯ ನಡುವೆ ಬಂದು ನೊಗ ಬಿಚ್ಚಿಸಿ ಅದರ ಮೈದಡವಿ ನೋಡುತ್ತ ಕುಳಿತುಕೊಳ್ಳುವುದಿಲ್ಲ. ಹಾಗೆ ಮಾಡಿದರೆ ಆ ದಿನದ ಬಾಡಿಗೆಯನ್ನು ಅವನು ಯಾವ ಬಾಯಿಂದ ಕೇಳಬೇಕು? ಮನೆಯ ವಿಚಾರದಲ್ಲಿ ಮಾತ್ರ ಈ ವಿವೇಕವು ನಮಗೆ ಹೊಳೆಯದೆ ಹೋಗುತ್ತದೆ.

ಇದು ಹೊಸ ಕಾಲದವರ ನಾಜೂಕಿನ ದೂರೆಂದೂ, ನಮ್ಮ ಹಿರಿಯರ ಕಾಲದಲ್ಲಿ ಇಂಥದೇನೂ ಇರಲಿಲ್ಲವೆಂದೂ ಕೆಲವರು ಹೇಳಬಹುದು. ಅವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಒಮ್ಮೆ ತಿರುವಿ ನೋಡಬೇಕು. ಆ ಗ್ರಂಥವು ಲೋಕಕ್ಕೆ ಮರಳಿ ದೊರೆತುದು ನಮ್ಮ ಮೈಸೂರಿನಲ್ಲಿಯೇ ಎಂಬುದು ವಾಚಕರಿಗೆ ತಿಳಿದಿರಬಹುದು. ೧೯೦೫ರಲ್ಲಿ ಇಲ್ಲಿನ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ತಾಳೆಯೋಲೆಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, ೧೯೦೯ರಲ್ಲಿ ಅಚ್ಚುಹಾಕಿಸಿದರು. ಅದರ ಮೂರನೆಯ ಅಧಿಕರಣದಲ್ಲಿ ಮನೆ, ಗೋಡೆ, ಚರಂಡಿ, ಕಿಟಕಿಗಳ ವ್ಯವಹಾರವನ್ನು ಹೇಳುವಾಗ ಬಾಡಿಗೆಯ ವಿಚಾರವೂ ಬರುತ್ತದೆ. ಬಾಡಿಗೆಗೆ ಅಲ್ಲಿ ಅವಕ್ರಯವೆಂಬ ಹೆಸರು. ಬಿಡೆಂದ ಮೇಲೂ ಬಿಡದೆ ಕುಳಿತವನಿಗೆ ಹನ್ನೆರಡು ಪಣ ದಂಡ. ಬಾಡಿಗೆ ಸಲ್ಲಿಸುತ್ತಿರುವವನನ್ನು ಹೊರಡಿಸುವ ಯಜಮಾನನಿಗೂ ಅದೇ ಹನ್ನೆರಡು ಪಣ. ಬೈಗುಳ, ಕಳವು, ಬಲಾತ್ಕಾರ ಮೊದಲಾದ ಕಾರಣಗಳಿದ್ದರೆ ಮಾತ್ರ ಬಿಡಿಸಬಹುದು. ತಾನಾಗಿಯೇ ನಡುವೆ ಬಿಟ್ಟುಹೋಗುವ ಬಾಡಿಗೆದಾರನು ವರ್ಷದ ಉಳಿದ ಬಾಡಿಗೆಯನ್ನು ಕೊಟ್ಟು ಹೋಗಬೇಕು. ಎರಡು ಕಡೆಯವರಿಗೂ ಒಂದೇ ತಕ್ಕಡಿ.

ನಾಲ್ಕನೆಯ ಅಧಿಕರಣದಲ್ಲಿ ಪರಗೃಹಪ್ರವೇಶದ ಮಾತಿದೆ. ಪರರ ಮನೆಯನ್ನು ಹಗಲು ಹೊಕ್ಕವನಿಗೆ ಮೊದಲನೆಯ ತರಗತಿಯ ದಂಡ, ರಾತ್ರಿ ಹೊಕ್ಕವನಿಗೆ ಮಧ್ಯಮ, ಆಯುಧ ಹಿಡಿದು ಹೊಕ್ಕವನಿಗೆ ಹಗಲಾಗಲಿ ರಾತ್ರಿಯಾಗಲಿ ಉತ್ತಮ. (ಇಲ್ಲಿ ಉತ್ತಮವೆಂದರೆ ಎಲ್ಲಕ್ಕಿಂತ ದೊಡ್ಡ ದಂಡವೆಂದು ಅರ್ಥ. ತರಗತಿಯಲ್ಲಿ ಈ ಮಾತನ್ನು ಹೇಳಿದಾಗಲೆಲ್ಲ ಹುಡುಗರು ನಗುತ್ತಿದ್ದರು.) ಆಮೇಲೆ, ದಂಡಕ್ಕೆ ಗುರಿಯಾಗದವರು ಯಾರೆಂದು ಹೇಳುತ್ತಾನೆ: ಭಿಕ್ಷುಕರು, ವ್ಯಾಪಾರಿಗಳು, ಮತ್ತರು, ಹುಚ್ಚರು, ಆಪತ್ತಿಗೆ ಸಿಕ್ಕಿ ಒಳಗೆ ಬಂದವರು, ತೀರ ಹತ್ತಿರದ ನಂಟರು, ಹಾಗೂ ಬಂದು ಹೋಗುವ ರೂಢಿಯುಳ್ಳವರು. ಇಷ್ಟು ಹೇಳಿ, ಬರಬಾರದೆಂದು ತಡೆದಿದ್ದರೆ ಇವರಿಗೂ ಈ ವಿನಾಯಿತಿ ಇಲ್ಲವೆಂದು ಸೇರಿಸುತ್ತಾನೆ. ಬಾಡಿಗೆಯ ಮನೆಯ ಯಜಮಾನನನ್ನು ಕುರಿತು ಇಲ್ಲಿ ನೇರವಾಗಿ ಏನನ್ನೂ ಹೇಳಿಲ್ಲ. ಇಲ್ಲದುದನ್ನು ಇದೆಯೆಂದು ನಾನು ಹೇಳಲಾರೆನು. ಆದರೂ ರೂಢಿಯಿಂದ ಒಳಗೆ ಬರುತ್ತಿದ್ದವನೂ ಬೇಡವೆಂದು ಹೇಳಿದ ಕ್ಷಣದಿಂದ ಪರನಾಗುತ್ತಾನೆಂಬ ಈ ಮಾತನ್ನು ಸೋದರಿಯು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅವರ ಕಷ್ಟದ ಗಂಟು ಇರುವುದು ಅಲ್ಲಿಯೇ. ಎರಡು ವರ್ಷ ಅವರು ಬೇಡವೆಂದು ಹೇಳಿಲ್ಲ. ಯಜಮಾನರು ಆ ಮೌನವನ್ನು ಸಮ್ಮತಿಯೆಂದು ತಿಳಿದಿದ್ದಾರೆ.

ಇನ್ನು ಈಗಿನ ಕಾಯಿದೆಗಳ ವಿಚಾರ. ನಾನು ವಕೀಲನಲ್ಲ, ವಕೀಲರಾದ ಮಿತ್ರರೊಬ್ಬರ ಜಗುಲಿಯ ಮೇಲೆ ಎರಡು ಸಂಜೆ ಕುಳಿತು, ಓದಿ ತಿಳಿದುಕೊಂಡುದನ್ನು ಬರೆಯುತ್ತೇನೆ.

ನಮ್ಮ ರಾಜ್ಯದಲ್ಲಿ ೧೯೯೯ರ ಬಾಡಿಗೆ ಕಾಯಿದೆಯೊಂದು ೨೦೦೧ರ ಡಿಸೆಂಬರ್ ಕೊನೆಯಿಂದ ಜಾರಿಯಲ್ಲಿದೆ. ಆದರೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗಳನ್ನೂ ಉಳಿದ ಕಡೆ ೨,೦೦೦ ರೂಪಾಯಿಗಳನ್ನೂ ಮೀರಿದ ಬಾಡಿಗೆಯ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಈಗ ಆ ಹಣಕ್ಕೆ ಬೆಂಗಳೂರಿನಲ್ಲಿ ಮನೆಯಿರಲಿ, ಮನೆಯ ಜಗುಲಿಯೂ ಸಿಕ್ಕುವುದು ಕಷ್ಟ. ಆದುದರಿಂದ ಬಹುಮಂದಿ ಬಾಡಿಗೆದಾರರಿಗೆ ಆಧಾರವಾಗಿರುವುದು ಅವರು ರುಜು ಮಾಡಿದ ಕರಾರು ಪತ್ರ, ಮತ್ತು ಅದರ ಹಿಂದೆ ನಿಂತಿರುವ ೧೮೮೨ರ ಸ್ವತ್ತು ವರ್ಗಾವಣೆಯ ಕಾಯಿದೆ.

ಆ ಹಳೆಯ ಕಾಯಿದೆಯ ೧೦೮ನೆಯ ಪ್ರಕರಣವು ಸೊಗಸಾದುದು. ಬಾಡಿಗೆದಾರನು ಬಾಡಿಗೆಯನ್ನು ಕೊಟ್ಟುಕೊಂಡು ಕರಾರಿನಂತೆ ನಡೆಯುತ್ತಿದ್ದರೆ, ಅವಧಿ ಮುಗಿಯುವವರೆಗೂ ಅಡ್ಡಿಯಿಲ್ಲದೆ ಆ ಸ್ವತ್ತನ್ನು ಅನುಭವಿಸಲು ಬಿಡುವೆನೆಂದು ಯಜಮಾನನು ಒಪ್ಪಿಕೊಂಡಿರುವನೆಂದೇ ಅದು ಭಾವಿಸುತ್ತದೆ. ಕರಾರಿನಲ್ಲಿ ಬರೆದಿರಲಿ ಬಿಡಲಿ, ಬೇರೆ ಮಾತಾಗಿಲ್ಲದಿದ್ದರೆ ಆ ಒಪ್ಪಿಗೆಯು ಇದ್ದೇ ಇದೆ. ಅದೇ ಪ್ರಕರಣವು ಬಾಡಿಗೆದಾರನಿಗೂ ಒಂದು ಕರ್ತವ್ಯವನ್ನು ವಿಧಿಸಿದೆ: ಯಜಮಾನನಾಗಲಿ ಅವನ ಕಡೆಯವರಾಗಲಿ ಯುಕ್ತವಾದ ಸಮಯದಲ್ಲಿ ಬಂದು ಮನೆಯ ಸ್ಥಿತಿಗತಿಯನ್ನು ನೋಡಲು ಬಿಡತಕ್ಕದ್ದು, ಬಾಡಿಗೆದಾರನ ತಪ್ಪಿನಿಂದ ಕೆಟ್ಟುದಿದ್ದರೆ, ತಿಳಿಸಿದ ಮೂರು ತಿಂಗಳೊಳಗೆ ಅವನು ಸರಿಪಡಿಸಿಕೊಡತಕ್ಕದ್ದು. ಯಜಮಾನನು ಎಂದಿಗೂ ಒಳಗೆ ಬರಕೂಡದೆಂದು ಹೇಳುವ ಬಾಡಿಗೆದಾರನಿಗೆ ಈ ಕಾಯಿದೆಯ ಬೆಂಬಲವಿಲ್ಲ. ಆದರೆ ಯುಕ್ತವಾದ ಸಮಯ ಯಾವುದು? ಮನೆಯವರು ಇಲ್ಲದ ಹೊತ್ತನ್ನು ನೋಡಿಕೊಂಡು ಬರುವುದು ಯುಕ್ತವೆಂದು ಯಾರು ತಾನೆ ಹೇಳಿಯಾರು? ಇನ್ನು ಪಾತ್ರೆಯ ಮುಚ್ಚಳದ ಮಾತು. ಮನೆಯ ಸ್ಥಿತಿಯೆಂದರೆ ಗೋಡೆ, ತಾರಸಿ, ನಲ್ಲಿ, ಬಾಗಿಲುಗಳ ಸ್ಥಿತಿಯಲ್ಲದೆ ಸಾರಿನ ಸ್ಥಿತಿಯಲ್ಲ. ಆ ಮುಚ್ಚಳದ ಕೆಳಗೆ ಯಜಮಾನರು ಏನನ್ನು ಹುಡುಕುತ್ತಿದ್ದರೆಂಬುದು ವಾಚಕರಿಗೆ ಊಹಿಸಲಾಗದ ಸಂಗತಿಯಲ್ಲ. ಮೊಟ್ಟೆ ಮಾಂಸಗಳನ್ನು ಬೇಯಿಸುವವರಿಗೆ ಮನೆ ಕೊಡೆವೆನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನು ಹುಟ್ಟಿದ ಮನೆಯೂ ಆಚಾರದ ಮನೆಯೇ. ಆದರೂ ಹೇಳುತ್ತೇನೆ: ನಮ್ಮ ಮಡಿಯು ನಮ್ಮ ಒಲೆಗೆ ಸೇರಿದುದು, ಬಾಡಿಗೆ ಕೊಟ್ಟು ಉರಿಸುವ ಇನ್ನೊಬ್ಬರ ಒಲೆಯ ಮೇಲೆ ಅದಕ್ಕೆ ಅಧಿಕಾರವಿಲ್ಲ.

೧೮೮೨ರಲ್ಲಿಯೇ ಹುಟ್ಟಿದ, ಸುಖಾಧಿಕಾರಗಳಿಗೆ ಸಂಬಂಧಿಸಿದ ಇನ್ನೊಂದು ಕಾಯಿದೆಯಲ್ಲಿ ಒಂದು ಉದಾಹರಣೆ ಇದೆ. ಒಂದು ಊರಿನ ರೂಢಿಯಂತೆ, ನೆರೆಮನೆಯವರ ಮರೆಗೆ ಭಂಗ ಬರುವ ಹಾಗೆ ಯಾರೂ ಹೊಸ ಕಿಟಕಿಯನ್ನು ಇಡಕೂಡದಂತೆ. ಅಂಥ ಊರಿನಲ್ಲಿ ಮನೆ ಕಟ್ಟಿದವನಿಗೆ, ನೆರೆಯವನು ಅಂಥ ಕಿಟಕಿಯನ್ನು ತೆರೆಯದಂತೆ ತಡೆಯುವ ಹಕ್ಕುಂಟಂತೆ. ದೂರದ ಕಿಟಕಿಯ ನೋಟಕ್ಕೇ ಇಷ್ಟು ಕಟ್ಟು ಇರುವಲ್ಲಿ, ಬೀಗ ತೆರೆದು ಒಳಗೆ ನಿಲ್ಲುವ ನೋಟಕ್ಕೆ ಏನು ಹೇಳಬೇಕು!

ದಂಡನೆಯ ಕಾಯಿದೆಯನ್ನು ನೋಡಿದರೆ, ೧೮೬೦ರ ದಂಡಸಂಹಿತೆಯಲ್ಲಿದ್ದು ಈಗ ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೨೯ನೆಯ ಪ್ರಕರಣಕ್ಕೆ ಬಂದಿರುವ ಅತಿಕ್ರಮಪ್ರವೇಶದ ಲಕ್ಷಣದಲ್ಲಿ, ಸ್ವತ್ತು ಯಾರದೆಂಬ ಪ್ರಶ್ನೆಯೇ ಇಲ್ಲ. ಅದು ಯಾರ ಸ್ವಾಧೀನದಲ್ಲಿದೆ ಎಂಬುದೊಂದೇ ಪ್ರಶ್ನೆ. ಇನ್ನೊಬ್ಬರ ಸ್ವಾಧೀನದಲ್ಲಿರುವ ಸ್ಥಳವನ್ನು, ಅಪರಾಧ ಮಾಡುವುದಕ್ಕಾಗಲಿ, ಅವರನ್ನು ಹೆದರಿಸುವುದಕ್ಕೆ, ಅವಮಾನಿಸುವುದಕ್ಕೆ, ಪೀಡಿಸುವುದಕ್ಕಾಗಲಿ ಹೊಕ್ಕರೆ ಅದು ಅಪರಾಧ. ವಾಸದ ಮನೆಯಾದರೆ ಒಂದು ವರ್ಷದವರೆಗೆ ಸೆರೆಮನೆ, ಅಥವಾ ಐದು ಸಾವಿರ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ. ಇಲ್ಲಿ ಉದ್ದೇಶವೇ ಮುಖ್ಯವಾದುದರಿಂದ, ನಲ್ಲಿ ನೋಡಲು ಬಂದ ಮುದುಕರನ್ನು ಇದರ ಬಲೆಗೆ ಸಿಕ್ಕಿಸುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಬೇಡವೆಂದು ತಿಳಿಸಿದ ಮೇಲೂ ಪೀಡಿಸುವುದಕ್ಕೆಂದೇ ಬರುವವನ ಮಾತು ಬೇರೆ.

೨೦೨೧ರ ಜೂನ್ ತಿಂಗಳಿನಲ್ಲಿ ಕೇಂದ್ರದ ಮಂತ್ರಿಮಂಡಲವು ಒಂದು ಮಾದರಿ ಬಾಡಿಗೆ ಕಾಯಿದೆಯನ್ನು ಒಪ್ಪಿ ರಾಜ್ಯಗಳಿಗೆ ಕಳುಹಿಸಿತು. ರಾಜ್ಯದ ಶಾಸನಸಭೆಯು ಅಂಗೀಕರಿಸಿದ ಹೊರತು ಅದು ಕಾಯಿದೆಯಾಗುವುದಿಲ್ಲ; ಹೆಸರೇ ಹೇಳುವಂತೆ ಅದು ಮಾದರಿ. ಆದರೆ ನಮ್ಮ ಪ್ರಶ್ನೆಗೆ ಅದರಲ್ಲಿ ಸ್ಪಷ್ಟವಾದ ಉತ್ತರವಿದೆ. ದುರಸ್ತಿಗಾಗಲಿ, ಮನೆಯು ವಾಸಯೋಗ್ಯವಾಗಿದೆಯೆ ಎಂದು ನೋಡುವುದಕ್ಕಾಗಲಿ, ಕರಾರಿನಲ್ಲಿ ಬರೆದ ಬೇರೆ ಯುಕ್ತ ಕಾರಣಕ್ಕಾಗಲಿ ಯಜಮಾನನು ಒಳಗೆ ಬರಬೇಕಾದರೆ ಇಪ್ಪತ್ತನಾಲ್ಕು ಗಂಟೆಗಳಿಗೆ ಮುಂಚೆ ತಿಳಿಸಬೇಕು. ದಿನ, ಹೊತ್ತು, ಕಾರಣಗಳನ್ನು ಹೇಳಬೇಕು. ಕಾಗದದಲ್ಲಿಯೂ ತಿಳಿಸಬಹುದು, ದೂರವಾಣಿಯ ಸಂದೇಶದಂಥವುಗಳಿಂದಲೂ ತಿಳಿಸಬಹುದು. ಸೂರ್ಯೋದಯಕ್ಕೆ ಮುಂಚೆಯೂ ಸೂರ್ಯಾಸ್ತದ ಮೇಲೆಯೂ ಬರಕೂಡದು. ಬೆಂಕಿ, ಪ್ರವಾಹ, ಭೂಕಂಪಗಳಂಥ ಆಪತ್ತಿನಲ್ಲಿ ಈ ಕಟ್ಟು ಇಲ್ಲ. ಕಾಯಿದೆಯಾಗಿ ಬರಲಿ ಬಾರದಿರಲಿ, ಇದನ್ನು ನಮ್ಮ ಕರಾರು ಪತ್ರದಲ್ಲಿ ನಾವಾಗಿಯೇ ಬರೆದುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಖಾಸಗಿತನದ ಹಕ್ಕೆಂದು ಪತ್ರಿಕೆಗಳಲ್ಲಿ ಬರೆಯುತ್ತಾರಲ್ಲ, ಅದು ನಮಗೆ ಅನ್ವಯಿಸುವುದಿಲ್ಲವೆ ಎಂದು ಕೇಳಬಹುದು. ೧೯೬೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉತ್ತರಪ್ರದೇಶದ ಪೊಲೀಸರ ನಿಯಮವೊಂದನ್ನು ವಿಚಾರಿಸಿತು. ಗುಮಾನಿಯವರ ಮನೆಗೆ ರಾತ್ರಿ ಹೋಗಿ ಬಾಗಿಲು ತಟ್ಟಿ ಎಬ್ಬಿಸಿ ನೋಡಿ ಬರುವ ಪದ್ಧತಿ ಅದು. ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲವೆಂದು ಹೇಳಿದ ಅದೇ ತೀರ್ಪು, ರಾತ್ರಿ ಬಾಗಿಲು ತಟ್ಟುವುದನ್ನು ಮಾತ್ರ ರದ್ದುಮಾಡಿತು. ಹಕ್ಕೇ ಇಲ್ಲವೆಂಬ ಮಾತನ್ನು ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ತೊಡೆದುಹಾಕಿದರು. ಆ ದಾವೆಯನ್ನು ೨೦೧೨ರಲ್ಲಿ ಹೂಡಿದವರು ನಮ್ಮ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ ಹೂಡಿ, ತೊಂಬತ್ತು ದಾಟಿದ ಮೇಲೆ ತೀರ್ಪನ್ನು ಕಂಡರು, ೨೦೨೪ರಲ್ಲಿ ತೀರಿಕೊಂಡರು. ಆ ತೀರ್ಪು ಮುಖ್ಯವಾಗಿ ಪ್ರಜೆಗೂ ಸರಕಾರಕ್ಕೂ ನಡುವಣ ಮಾತು. ಕೆಳಗಿನ ಮನೆಯ ಯಜಮಾನರಿಗೆ ಅದನ್ನು ಓದಿ ತೋರಿಸಿದರೆ ಪ್ರಯೋಜನವಾಗಲಾರದು. ಅವರ ಸಂಗಡದ ವ್ಯವಹಾರಕ್ಕೆ ಕರಾರೂ ಹಿಂದೆ ಹೇಳಿದ ಹಳೆಯ ಕಾಯಿದೆಗಳೂ ಸಾಕು.

ಈಗ ಹದಿನೈದು ದಿನದ ತಡದ ಕಾರಣವನ್ನು ಹೇಳಬೇಕು.

ಉಪಾಧ್ಯಾಯರ ಕೆಲಸದಲ್ಲಿ ಊರೂರು ತಿರುಗಿ ನಾನು ಏಳು ಬಾಡಿಗೆಯ ಮನೆಗಳಲ್ಲಿದ್ದೆ. ಒಂದೂರಿನಲ್ಲಿ ಮನೆಯೊಡತಿಯೊಬ್ಬರು, ಗೋಡೆಗೆ ಎಷ್ಟು ಮೊಳೆ ಹೊಡೆದಿದ್ದೇವೆಂದು ಎಣಿಸುವುದಕ್ಕೆ ತಿಂಗಳಿಗೊಮ್ಮೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ನಾನು ಶಾಲೆಗೆ ಹೋಗಿರುವ ಹೊತ್ತು. ನನ್ನ ಹೆಂಡತಿ ಬಚ್ಚಲಿನಲ್ಲಿದ್ದಾಳೋ, ಮಗುವಿಗೆ ಹಾಲೂಡುತ್ತಿದ್ದಾಳೋ ಎಂಬ ಯೋಚನೆ ಅವರಿಗಿಲ್ಲ. ನಮ್ಮ ಪಂಚಾಂಗವನ್ನು ನೇತುಹಾಕಲು ಹೊಡೆದ ಒಂದು ಮೊಳೆಗಾಗಿ ಅವರು ಒಂದು ಸಂವತ್ಸರವೆಲ್ಲ ನಮ್ಮನ್ನು ಕೊರೆದರು. ಆಗ ನಾನು, ಸ್ವಂತ ಮನೆಯೆಂಬುದಾದರೆ ಅದರಲ್ಲಿ ಬಂದಿರುವವರನ್ನು ಹೀಗೆ ಎಂದಿಗೂ ನಡೆಸಿಕೊಳ್ಳೆನೆಂದು ಹೆಂಡತಿಯೆದುರು ಪ್ರತಿಜ್ಞೆ ಮಾಡಿದ್ದೆ.

ನಿವೃತ್ತಿಗೆ ನಾಲ್ಕು ವರ್ಷ ಮುಂಚೆ ಮೈಸೂರಿನ ನಮ್ಮ ಮನೆಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ ಕಟ್ಟಿಸಿ, ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದ ಒಬ್ಬ ಹೆಣ್ಣುಮಗಳಿಗೆ ಬಾಡಿಗೆಗೆ ಕೊಟ್ಟೆ. ನನ್ನ ಕಿರಿಯ ಮಗಳ ವಯಸ್ಸು. ಊರಿನಲ್ಲಿ ತಾಯಿ, ತಮ್ಮಂದಿರು. ತಿಂಗಳ ಮೊದಲನೆಯ ತಾರೀಖಿಗೆ ಸರಿಯಾಗಿ ಬಾಡಿಗೆ ತಂದುಕೊಡುತ್ತಿದ್ದಳು. ಎರಡನೆಯ ಬೀಗದ ಕೈ ನನ್ನ ಬಳಿಯಿತ್ತು. ಕೊಡಬೇಕೆಂದು ನನಗೂ ತೋರಲಿಲ್ಲ, ಕೇಳಬೇಕೆಂದು ಅವಳಿಗೂ ತೋರಲಿಲ್ಲ. ಆಷಾಢದ ಒಂದು ಮಧ್ಯಾಹ್ನ ನಮ್ಮ ನಡುಮನೆಯ ಸೂರಿನಲ್ಲಿ ಒದ್ದೆಯ ಕಲೆ ಕಾಣಿಸಿಕೊಂಡಿತು. ಹೊಸ ತಾರಸಿ, ನನಗೆ ಎದೆ ಹಾರಿತು. ಅವಳು ಕೆಲಸಕ್ಕೆ ಹೋಗಿರುವಳೆಂದು ತಿಳಿದು, ಬೀಗದ ಕೈ ಹಿಡಿದು ಮೇಲೆ ಹೋದೆ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಲ್ಲವೆಂಬುದನ್ನಾದರೂ ನಾನು ಗಮನಿಸಬೇಕಾಗಿತ್ತು. ಅದು ಬಾಗಿಲಿನೊಳಗೇ ಕೂಡಿಸಿದ ಬೀಗವಾದುದರಿಂದ ಕೈ ತಿರುಗಿಸಿದೊಡನೆ ತೆರೆದುಕೊಂಡಿತು. ಅವಳು ಆ ವಾರ ರಾತ್ರಿಯ ಪಾಳಿ ಮಾಡಿ ಬಂದು ಮಲಗಿದ್ದಳು.

ಅವಳು ಕೂಗಿದ ಕೂಗು ಕೆಳಗೆ ನನ್ನ ಹೆಂಡತಿಗೆ ಕೇಳಿಸಿತು. “ನಾನಮ್ಮಾ, ಮೇಷ್ಟ್ರು, ನೀರು ಸೋರುತ್ತಿದೆ” ಎಂದೆ. ಹೇಳುತ್ತಿದ್ದ ಹಾಗೆಯೇ ಆ ಮಾತು ಎಷ್ಟು ಸಣ್ಣದೆಂದು ನನಗೆ ತಿಳಿಯಿತು. ಅವಳು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು, “ಆಗಲಿ ಸರ್, ಆಮೇಲೆ ಬನ್ನಿ” ಎಂದಳು. ಕೆಳಗೆ ಬಂದಾಗ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: “ನೀವು ಮಗಳ ಮನೆಗೆ ಹೋದರೂ ಹೊರಗೆ ನಿಂತು ಕೆಮ್ಮುತ್ತೀರಿ.”

ಅದು ನಿಜ. ನಮ್ಮ ತಂದೆಯವರು ಹಾಗೆಯೇ ಮಾಡುತ್ತಿದ್ದರು. ಅವರ ತಂದೆಯೂ ಹಾಗೆಯೇ. ಸ್ವಂತ ಮನೆಯಲ್ಲಿಯೇ ನಡುಮನೆಯನ್ನು ದಾಟಿ ಒಳಗೆ ಹೋಗುವಾಗ ಹಿರಿಯರು ಒಮ್ಮೆ ಕೆಮ್ಮುತ್ತಿದ್ದರು. ನೆಗಡಿಯಿಂದ ಬಂದ ಕೆಮ್ಮಲ್ಲ ಅದು. ಒಳಗೆ ಸೊಸೆಯಂದಿರಿದ್ದಾರೆ, ಸೆರಗು ಸರಿಮಾಡಿಕೊಳ್ಳಲಿ, ಕುಳಿತವರು ಏಳಲಿ, ಆಡುತ್ತಿದ್ದ ಮಾತು ನಿಲ್ಲಲಿ ಎಂಬುದಕ್ಕೆ. ಒಂದೇ ಅಂಗಳಕ್ಕೆ ಹತ್ತು ಸಂಸಾರಗಳು ಬಾಗಿಲು ತೆರೆದುಕೊಂಡಿದ್ದ ವಠಾರಗಳಲ್ಲಿಯೂ, ಒಬ್ಬರ ಮನೆಯ ಒಗ್ಗರಣೆ ಎಲ್ಲರ ಮೂಗಿಗೂ ಬರುತ್ತಿದ್ದ ಆ ಇಕ್ಕಟ್ಟಿನಲ್ಲಿಯೂ, ಹೊಸ್ತಿಲಿನ ಹೊರಗೆ ನಿಂತು “ಅಮ್ಮಾ, ಇದ್ದೀರಾ?” ಎಂದು ಕೂಗದೆ ಒಳಗೆ ಕಾಲಿಡುತ್ತಿದ್ದವರು ಮಕ್ಕಳು ಮಾತ್ರ. ನಾನು ಆ ದಿನ ಕೆಮ್ಮದೆ ಹೋದುದಕ್ಕೆ ಕಾರಣ ಒಂದೇ. ಆ ಬಾಗಿಲಿನಾಚೆ ಇರುವುದು ನನ್ನ ಮನೆ ಎಂದುಕೊಂಡಿದ್ದೆ. ಅಲ್ಲೊಬ್ಬಳು ವಾಸವಾಗಿದ್ದಾಳೆಂಬುದು ನೆನಪಿಗೆ ಬರಲಿಲ್ಲ.

ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಮರುದಿನದಿಂದ, ಅವಳು ಬಂದು ಬಾಗಿಲು ಹಾಕಿಕೊಂಡ ಮೇಲೆ, ಕುರ್ಚಿಯೊಂದನ್ನು ನೆಲದ ಮೇಲೆ ಎಳೆದು ಬಾಗಿಲಿಗೆ ಆನಿಸಿಡುವ ಸದ್ದು ಕೆಳಗೆ ನಮಗೆ ಕೇಳಿಸುತ್ತಿತ್ತು. ನಾಲ್ಕು ತಿಂಗಳು ಕೇಳಿಸಿತು. ಆಸ್ಪತ್ರೆಗೆ ಹತ್ತಿರವಾಗಿ ಮನೆ ಸಿಕ್ಕಿತೆಂದು ಹೇಳಿ ಆಮೇಲೆ ಬಿಟ್ಟುಹೋದಳು. ಕ್ಷಮಿಸೆಂದು ನಾನು ಕೇಳಬೇಕಾಗಿತ್ತು. ದೊಡ್ಡವನೆಂಬ ಬಿಗುಮಾನದಿಂದ ಕೇಳಲಿಲ್ಲ. ಬೆಂಗಳೂರಿನ ಸೋದರಿಯ ಕಾಗದದಲ್ಲಿ ಯಜಮಾನರನ್ನು ವರ್ಣಿಸಿರುವ ಮಾತುಗಳನ್ನು ಓದಿದಾಗ, ವಯಸ್ಸಾದವರು, ಸಂಭಾವಿತರು ಎಂಬಲ್ಲಿಗೆ ಬಂದಾಗ, ಕಾಗದವನ್ನು ಮಡಿಸಿ ಕೆಳಗಿಟ್ಟೆ.

ಇನ್ನು ಸೋದರಿಗೆ ಉತ್ತರ. ಮೊದಲು ನಿಮ್ಮವರೂ ನೀವೂ ಕೂಡಿಯೇ ಹೋಗಿ, ಯಜಮಾನರನ್ನು ಕಂಡು, ಮರ್ಯಾದೆಯಿಂದಲೇ ಹೇಳಿ: ತಾವು ಬರುವುದಕ್ಕೆ ಅಡ್ಡಿಯಿಲ್ಲ, ಹಿಂದಿನ ದಿನ ತಿಳಿಸಿ, ನಾವಿರುವಾಗ ಬನ್ನಿ, ನಾವಿಲ್ಲದಾಗ ದಯವಿಟ್ಟು ಬರಬೇಡಿ. ಕೊನೆಯ ಮಾತನ್ನು ಸಂಕೋಚದಿಂದ ನುಂಗಬೇಡಿ, ಅದೇ ಮುಖ್ಯವಾದುದು. ಅವರ ಹೆಂಡತಿಯಿದ್ದರೆ ಅವರ ಎದುರಿನಲ್ಲಿಯೇ ಹೇಳಿ. ಹೆಂಗಸರಿಗೆ ಇದು ಬೇಗ ಅರ್ಥವಾಗುತ್ತದೆ. ಅದೇ ದಿನ ಆ ಮಾತನ್ನು ದೂರವಾಣಿಯ ಸಂದೇಶವಾಗಿಯೂ ಕಳುಹಿಸಿ, ತಾರೀಖು ಉಳಿಯುತ್ತದೆ. ಬಾಗಿಲಿಗೆ ಒಳಗಿನಿಂದ ಒಂದು ಅಗಳಿಯನ್ನು ಹಾಕಿಸಿಕೊಳ್ಳಿ. ಮನೆ ಬಿಡುವಾಗ ಮೊದಲಿದ್ದಂತೆ ಮಾಡಿಕೊಟ್ಟರಾಯಿತು. ಇಷ್ಟಾದ ಮೇಲೂ ನಿಲ್ಲದಿದ್ದರೆ ವಕೀಲರಿಂದ ಒಂದು ನೋಟೀಸು. ಅದಕ್ಕೂ ಜಗ್ಗದಿದ್ದರೆ, ಶಾಂತವಾದ ಅನುಭೋಗಕ್ಕೆ ಅಡ್ಡಿಮಾಡಕೂಡದೆಂದು ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಪಡೆಯುವ ದಾರಿಯಿದೆ. ನಿಮ್ಮವರ ಭಯವೂ ಸುಳ್ಳಲ್ಲ. ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಹೊಸದು ಮಾಡಿಕೊಡದೆ ಇರುವುದು ಯಜಮಾನರ ಕೈಯಲ್ಲಿದೆ. ಆದರೆ ಕೋಪದಿಂದ ಬೀಗ ಬದಲಾಯಿಸಿ ನಿಮ್ಮನ್ನು ಹೊರಗೆ ನಿಲ್ಲಿಸುವುದು ಅವರ ಕೈಯಲ್ಲಿಲ್ಲ. ಕಾಯಿದೆಯ ಕ್ರಮವಿಲ್ಲದೆ ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದೆಂದು ೧೯೬೩ರ ನಿರ್ದಿಷ್ಟ ಪರಿಹಾರ ಕಾಯಿದೆಯ ೬ನೆಯ ಪ್ರಕರಣವು ಹ�ೇಳುತ್ತದೆ. ಅಲ್ಲಿ ಮನೆ ಯಾರದೆಂದು ನ್ಯಾಯಾಧೀಶರು ಕೇಳುವುದೇ ಇಲ್ಲ.

ಹಾಸ್ಟೆಲುಗಳಲ್ಲಿಯೂ, ಊಟ ವಸತಿಗಳೆರಡಕ್ಕೂ ಹಣ ಕೊಟ್ಟಿರುವ ಮನೆಗಳಲ್ಲಿಯೂ ಇರುವ ಮಕ್ಕಳ ಸ್ಥಿತಿ ಇಷ್ಟು ಭದ್ರವಲ್ಲ. ಕೋಣೆಯ ಪೂರ್ಣ ಸ್ವಾಧೀನವನ್ನು ಬಿಟ್ಟುಕೊಡದಿದ್ದರೆ ಅದು ಬಾಡಿಗೆಯಲ್ಲ, ಬರಿಯ ಅನುಮತಿ ಎಂದು ಕಾಯಿದೆಯು ಎಣಿಸುತ್ತದೆ. ಆದರೂ, ಹೆಣ್ಣುಮಗಳೊಬ್ಬಳು ತನ್ನನ್ನು ಯಾರೂ ನೋಡರೆಂದು ನಂಬಿ ಬಟ್ಟೆ ಬದಲಾಯಿಸುವಲ್ಲಿ, ಸ್ನಾನ ಮಾಡುವಲ್ಲಿ, ಕದ್ದು ನೋಡುವುದೂ ಚಿತ್ರ ತೆಗೆಯುವುದೂ ೨೦೧೩ರಿಂದ ಪ್ರತ್ಯೇಕವಾದ ಅಪರಾಧ. ಮಕ್ಕಳನ್ನು ಓದಲು ಕಳುಹಿಸುವ ತಂದೆತಾಯಿಗಳು ಊಟದ ರುಚಿಯನ್ನು ವಿಚಾರಿಸುವಾಗ ಕೋಣೆಯ ಬೀಗದ ಕೈಗಳೆಷ್ಟು, ಅವು ಯಾರ ಬಳಿ ಇವೆ ಎಂಬುದನ್ನೂ ವಿಚಾರಿಸಬೇಕು.

ಹೊಸದಾಗಿ ಕರಾರು ಬರೆಯುವವರು ಈ ಕೆಳಗಿನ ಮಾತುಗಳನ್ನು ಹಾಗೆಯೇ ಸೇರಿಸಿಕೊಳ್ಳಬಹುದು. ನಮ್ಮ ಮಿತ್ರರಾದ ವಕೀಲರು ನೋಡಿ ತಿದ್ದಿಕೊಟ್ಟಿದ್ದಾರೆ:

“ಮನೆಯ ಯಜಮಾನರು ದುರಸ್ತಿಗಾಗಲಿ ತನಿಖೆಗಾಗಲಿ ಒಳಗೆ ಬರಬೇಕಾದಲ್ಲಿ, ಬರುವ ದಿನ, ಹೊತ್ತು ಮತ್ತು ಕಾರಣವನ್ನು ಇಪ್ಪತ್ತನಾಲ್ಕು ಗಂಟೆಗಳಿಗೆ ಮುಂಚೆ ಬರವಣಿಗೆಯಲ್ಲಿಯಾಗಲಿ ದೂರವಾಣಿಯ ಸಂದೇಶದಿಂದಾಗಲಿ ತಿಳಿಸತಕ್ಕದ್ದು, ಹಗಲು ಹೊತ್ತಿನಲ್ಲಿ, ಬಾಡಿಗೆದಾರರ ಕಡೆಯವರೊಬ್ಬರು ಮನೆಯಲ್ಲಿರುವಾಗ ಬರತಕ್ಕದ್ದು. ಹೀಗೆ ತಿಳಿಸಿದ ಮೇಲೆ ಬಾಡಿಗೆದಾರರು ಯುಕ್ತ ಕಾರಣವಿಲ್ಲದೆ ಅಡ್ಡಿಮಾಡತಕ್ಕದ್ದಲ್ಲ. ಮನೆ ಬಿಡುವ ತಿಂಗಳಿನಲ್ಲಿ ಹೊಸಬರಿಗೆ ಮನೆ ತೋರಿಸುವುದಕ್ಕೂ ಇದೇ ನಿಯಮ. ಬೆಂಕಿ, ನೀರು, ಅನಿಲದ ಸೋರಿಕೆ ಮೊದಲಾದ ಆಪತ್ತಿನಲ್ಲಿ ಮಾತ್ರ ಈ ನಿಯಮವಿಲ್ಲ.”

ಮನೆ ತೋರಿಸುವ ಮಾತನ್ನು ಬೇಕೆಂದೇ ಸೇರಿಸಿದೆ. ಬಾಗಿಲಿಗೆ ಟು-ಲೆಟ್ ಬೋರ್ಡು ತಗುಲಿದ ದಿನದಿಂದ ದಲ್ಲಾಳಿಗಳ ಹಿಂದೆ ಊರಿನವರೆಲ್ಲ ಮಲಗುವ ಕೋಣೆಯವರೆಗೂ ಬಂದು ಹೋಗುವ ಸಂಕಟವನ್ನು ಅನುಭವಿಸಿದವರೇ ಬಲ್ಲರು.

ಎರಡನೆಯ ಬೀಗದ ಕೈಗೆ ನಮ್ಮ ಮನೆಯಲ್ಲಿ ಈಗ ಒಂದು ಏರ್ಪಾಟಿದೆ. ದಾದಿಯು ಬಿಟ್ಟ ಮೇಲೆ ಬಂದ ದಂಪತಿಗಳ ಕೈಗೆ ಎರಡು ಕೈಗಳನ್ನೂ ಕೊಟ್ಟೆ. ಅವರು ಒಂದನ್ನು ಲಕೋಟೆಯೊಳಗಿಟ್ಟು, ಅಂಟಿಸಿ, ಅಂಟಿನ ಮೇಲೆ ರುಜು ಹಾಕಿ ನನಗೆ ಮರಳಿ ಕೊಟ್ಟರು. ನಾನೂ ರುಜು ಹಾಕಿದೆ. ಬೆಂಕಿ ಬಿದ್ದರೆ ಒಡೆದು ತೆಗೆಯಬಹುದು. ಒಡೆದರೆ ಒಡೆದುದು ತಿಳಿಯುತ್ತದೆ. ಲಕೋಟೆ ಬೀರುವಿನಲ್ಲಿ ಪಂಚಾಂಗಗಳ ಕೆಳಗಿದೆ. ಹೋದ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಒದ್ದೆ ಕಂಡಿತು. ಸಂಜೆ ಅವರು ಬಂದ ಮೇಲೆ ಹೋಗಿ, ಬಾಗಿಲ ಹೊರಗೆ ನಿಂತು ತಿಳಿಸಿದೆ. ಶನಿವಾರ ಹತ್ತು ಗಂಟೆಗೆ ಕೊಳಾಯಿಯವನನ್ನು ಕರೆದುಕೊಂಡು ಬನ್ನಿ ಎಂದರು. ಬಚ್ಚಲಿನ ಕೊಳವೆಯ ಬೆಸುಗೆಯೊಂದು ಸಡಿಲವಾಗಿತ್ತು. ಅರ್ಧ ಗಂಟೆಯ ಕೆಲಸ.

ಮುಂಗಡ ಹಣವನ್ನು ಹಿಂದಕ್ಕೆ ಕೊಡುವಾಗ ಸುಣ್ಣಬಣ್ಣದ ಖರ್ಚನ್ನು ಮುರಿದುಕೊಳ್ಳುವ ವಿಚಾರವಾಗಿ ಮೂರು ಕಾಗದಗಳು ಬಂದಿವೆ. ಅವುಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ.